ಸೆಡವಿನ ಶಂಕ್ರೆವ್ವನ ಮಗಳು

೬ ಆಗಸ್ಟ್ ೧೯೪೪, ರವಿವಾರ. ವಿಜಾಪುರ

ಈ ಮನೆಯಲ್ಲಿ ಎಲ್ಲರೂ ಬಾಯೊಳಗೇ ಮಾತಾಡುವುದನ್ನು ಯಾವಾಗ ಕಲಿತರೋ ಗೊತ್ತಿಲ್ಲ. ಬಾಣಂತನ ಮುಗಿಸಿ, ಕೂಸನ್ನು ಎತ್ತಿಕೊಂಡು ತವರು ಬಬಲೇಶ್ವರದಿಂದ ಬಂದು ತಿಂಗಳಾಯಿತು. ಬಂದಾಗಿನಿಂದ ನೋಡುತ್ತಿದ್ದೇನೆ. ಅತ್ತೆ ಸೆರಗಿನೊಳಗೆ ಏನೋ ಗೊಣಗುತ್ತಾರೆ, ಆಮೇಲೆ ಕರೆದರೂ ಓ ಅನ್ನಲಿಲ್ಲವೆಂದು ಮುಖ ಊದಿಸಿಕೊಳ್ಳುತ್ತಾರೆ. ಇವತ್ತು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕೂತಿದ್ದೆ. ಹಿಂದಿನಿಂದ ಬಂದು ಭುಜ ಹಿಡಿದು ಅಲುಗಾಡಿಸಿದರು.

“ಎಷ್ಟ ಸಲಾ ಕರೀಬೇಕಬೇ ನಿನ್ನ? ಗಂಟಲ ಹರಕೊಂಡ್ರೂ ಹೊಳ್ಳಿ ನೋಡಾಂಗಿಲ್ಲ.”

“ನೀವು ಕರದ್ರ ನಾ ಬರಾಂಗಿಲ್ಲೇನ್ರಿ?” ಅಂದೆ.

“ನಿಮ್ಮವ್ವನ ಗುಣಾ ಬಂದೈತಿ ನಿನಗ. ಅಕೀನೂ ಹಿಂಗ.”

ಬೇರೆ ಏನಂದಿದ್ದರೂ ನುಂಗಿಕೊಳ್ಳುತ್ತಿದ್ದೆ. ಬಬಲೇಶ್ವರದಲ್ಲಿ ಅವ್ವನಿಗೆ ಸೆಡವಿನ ಶಂಕ್ರೆವ್ವ ಎಂದೇ ಹೆಸರು. ಯಾರು ಮಾತಾಡಿಸಿದರೂ ಹೂಂ, ಉಹೂಂ, ಅಷ್ಟೇ. ದಾರಿಯಲ್ಲಿ ಯಾರಾದರೂ ಕೂಗಿದರೆ ಕೊಡ ಹೊತ್ತುಕೊಂಡು ಹಾಗೇ ನಡೆದುಬಿಡುತ್ತಾಳೆ. ಅವಳ ಸಿಟ್ಟು ಯಾರ ಮೇಲೆ, ಯಾತಕ್ಕೆ ಎಂಬುದು ಅಪ್ಪನಿಗೂ ಸಾಯುವತನಕ ತಿಳಿಯಲಿಲ್ಲ. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ದಿನ ಸಾಲೆಯಿಂದ ಓಡಿಬಂದು ಹೇಳಿದರೆ ಒಲೆಯಿಂದ ಮುಖವನ್ನೇ ಎತ್ತಲಿಲ್ಲ. ಅವಳ ಹಾಗೆ ಆಗಬಾರದೆಂದೇ ಕಂಡಕಂಡವರೊಡನೆ ಹರಟುತ್ತ ಬೆಳೆದವಳು ನಾನು. ನನಗೆ ಅವಳ ಗುಣವಂತೆ.

೯ ಆಗಸ್ಟ್, ಬುಧವಾರ

ಇವರಿಗೆ ಬುತ್ತಿ ತೆಗೆದುಕೊಂಡು ಗಿರಣಿಗೆ ಹೋಗಿದ್ದೆ. ನಮ್ಮದು ಹಿಟ್ಟಿನ ಗಿರಣಿ. ಎಂಜಿನ್ನು ಶುರುವಾದರೆ ಓಣಿಯ ಗೋಡೆಗಳೆಲ್ಲ ನಡುಗುತ್ತವೆ, ಬೀಸಿಸಲು ಬಂದವರು ಕಿವಿ ಮುಚ್ಚಿಕೊಂಡು ಹೊರಗೆ ನಿಲ್ಲುತ್ತಾರೆ. ನನಗೆ ಮಾತ್ರ ಒಳಗೆ ಕಾಲಿಟ್ಟರೆ ಜೀವ ಹಗುರವಾಗುತ್ತದೆ. ಪಕ್ಕದ ಮನೆಯ ಇಮಾಮಬಿ ಜೋಳದ ಬುಟ್ಟಿ ಇಟ್ಟುಕೊಂಡು ಸೊಸೆಯ ಚಾಡಿ ಹೇಳಿದ್ದು, ಇವರು ಕಲ್ಲಿನ ಆಚೆಯಿಂದ “ಪಲ್ಯಾಕ್ಕ ಉಪ್ಪ ಹಾಕೀಯೋ ಇಲ್ಲೋ” ಎಂದದ್ದು, ಒಂದೊಂದು ಮಾತೂ ಕೇಳಿಸಿತು. ಇವರ ಮಾತು ಮನೆಯಲ್ಲಿಯೂ ಕೇಳಿಸದೆ ಇರುವುದಿಲ್ಲ, ದೇವರು ಅಂಥ ಗಂಟಲು ಕೊಟ್ಟಿದ್ದಾನೆ.

ಅಂದ ಮೇಲೆ ನನ್ನ ಕಿವಿ ನೆಟ್ಟಗಿವೆ. ಅತ್ತೆಗೆ ಗೊಣಗುವ ಚಟ ಅಂಟಿಕೊಂಡಿದೆ, ಬೇರೇನಲ್ಲ.

೧೭ ಆಗಸ್ಟ್, ಗುರುವಾರ

ಗಿರಣಿ ನಿಂತ ಮೇಲೂ ಗಿರಣಿಯ ಸದ್ದು. ಮೊದಲು ಎಲ್ಲೋ ಜೇನುಹುಟ್ಟು ಕಟ್ಟಿದೆಯೆಂದು ಜಂತೆಯನ್ನೆಲ್ಲ ನೋಡಿದೆ. ಕುಳಿತರೂ ಗುಂಯ್, ನಿಂತರೂ ಗುಂಯ್. ಇಮಾಮಬಿಯನ್ನು ಕರೆದು ಕೇಳಿದರೆ ತನಗೇನೂ ಇಲ್ಲವೆಂದಳು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ತಂದು ಎರಡೂ ಕಿವಿಗೆ ಬಿಟ್ಟಳು. ಕುತ್ತಿಗೆಯ ತುಂಬ ಎಣ್ಣೆ ಇಳಿಯಿತು, ಗುಂಯ್ ಇಳಿಯಲಿಲ್ಲ. ಸಂತೆಯಲ್ಲಿ ಕಿವಿ ಕೊಳೆ ತೆಗೆಯುವವನೊಬ್ಬ ಕೂಡುತ್ತಾನಂತೆ. ಅವನ ಕಡ್ಡಿಗೆ ನಾನು ಕಿವಿ ಕೊಡಲಾರೆ.

ಒಂದು ಕಡೆ ಕೂತು ಕೆಲಸ ಮಾಡಲಾಗುತ್ತಿಲ್ಲ. ಅಡಿಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ ತಿರುಗುತ್ತಲೇ ಇದ್ದೇನೆ. ಯಾರಾದರೂ ಕರೆದಿರಬಹುದೇ ಎಂದು ಮತ್ತೆ ಮತ್ತೆ ಬಾಗಿಲಿಗೆ ಬಂದು ನೋಡುತ್ತೇನೆ. ಯಾರೂ ಇರುವುದಿಲ್ಲ.

೨೭ ಆಗಸ್ಟ್, ರವಿವಾರ



ಅತ್ತೆ ಮಠಕ್ಕೆ ಹೋಗಿದ್ದರು. ಕೂಸು ಪಡಸಾಲೆಯ ತೊಟ್ಟಿಲಲ್ಲಿ ಮಲಗಿತ್ತು. ನಾನು ಒಲೆಯ ಮುಂದೆ ಅದಕ್ಕೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದೆ. ನಡುವೆ ಇದ್ದದ್ದು ಒಂದು ಹೊಸ್ತಿಲು. ಅತ್ತೆ ಬಂದವರೇ ತೊಟ್ಟಿಲಿಗೆ ಓಡಿದ್ದಾರೆ. ನಾನು ತಿರುಗಿ ನೋಡಿದಾಗ ಕೂಸು ಅವರ ಕೈಯಲ್ಲಿತ್ತು. ಅಳುತ್ತ ಅಳುತ್ತ ಮುಖ ನೀಲಿಯಾಗಿತ್ತು. ಹಗ್ಗದ ಮೇಲಿಂದ ಕೆಂಪಿರುವೆ ಇಳಿದು ತೊಡೆ, ಬೆನ್ನು, ಕಿವಿಯ ಹಿಂದೆ ಎಲ್ಲ ಕಡೆ ಹತ್ತಿದ್ದವು. ಮೈತುಂಬ ದದ್ದು.

ಅತ್ತೆ ಬೈಯಲಿಲ್ಲ. ಎದುರಿಗೆ ಬಂದು ನಿಂತು ಕೇಳಿದರು: “ಓಣಿ ತುದಿಗೆ ಕೇಳಸಾಕತ್ತಿತ್ತು ಕೂಸಿನ ದನಿ. ಇಲ್ಲೇ ಕುಂತ ನಿನಗ ಕೇಳಿಸಲಿಲ್ಲ ಅಂದ್ರ ಯಾರ ನಂಬಬೇಕು? ಹೆತ್ತಾಕಿ ಹೌದೋ ಅಲ್ಲೋ ನೀನು?”

ನನಗೆ ಕೇಳಿಸಲಿಲ್ಲ. ಆಣೆ ಮಾಡಿ ಬರೆಯುತ್ತೇನೆ, ಕೇಳಿಸಲಿಲ್ಲ.

ತೊಟ್ಟಿಲು ಅತ್ತೆಯ ಕೋಣೆಗೆ ಹೋಯಿತು.

೩೦ ಆಗಸ್ಟ್, ಬುಧವಾರ

ಹಾಲು ಕುಡಿಸಲು ಕೊಡುತ್ತಾರೆ. ತೇಗು ಬರುವುದರೊಳಗೆ ಒಯ್ಯುತ್ತಾರೆ. ಬಾಗಿಲ ಹೊರಗೆ ಕಳ್ಳಿಯ ಹಾಗೆ ನಿಂತು ಕೂಸಿನ ಕಾಲು ಆಡುವುದನ್ನು ನೋಡುತ್ತೇನೆ.

೩ ಸೆಪ್ಟೆಂಬರ್, ರವಿವಾರ

ಟಿಕೋಟಿಯಿಂದ ಯಲಗೂರಪ್ಪ ಮಾವ ಬಂದಿದ್ದರು. ಅತ್ತೆಯ ತಮ್ಮ. ಪಂಚಾಯತಿ ಮಾಡುವುದೆಂದರೆ ಅವರಿಗೆ ಊಟಕ್ಕಿಂತ ರುಚಿ. ಅವರ ಮಗ ಅಮರಪ್ಪನಿಗೆ ನನ್ನ ತಂಗಿ ರೇಣವ್ವನನ್ನು ಕೊಡುವುದೆಂದು ಗೊತ್ತಾಗಿದೆ, ದೀಪಾವಳಿ ಕಳೆದ ಮೇಲೆ ಲಗ್ನ. ಹೀಗಾಗಿ ಈಗ ಅವರ ಮಾತಿಗೆ ಎರಡು ತೂಕ.

ಎಲ್ಲವನ್ನೂ ಕೇಳಿಕೊಂಡು ರುಮಾಲು ಸರಿಮಾಡಿಕೊಂಡರು. “ಗಿರಣಿಗೆ ನಡೀರಿ,” ಅಂದರು, ನನಗೂ ತಿಳಿಯಲೆಂದು ಜೋರಾಗಿಯೇ. “ಎಂಜಿನ್ ಸಪ್ಪಳದಾಗ ಕೇಳಿಸಿದ್ರ, ತಣ್ಣಗಿದ್ದ ಮನ್ಯಾಗ ಕೇಳಸಾಂಗಿಲ್ಲ ಅನ್ನೂದು ಖೊಟ್ಟಿ. ಇಷ್ಟ ಸರಳ ಐತಿ.”

ಎಲ್ಲರಿಗೂ ಅದು ಸರಿ ಅನ್ನಿಸಿತು. ನನಗೂ ಅನ್ನಿಸಿತು, ಅದೇ ನನ್ನ ಹಣೆಬರಹ. ಕಿವುಡಿ ಅಲ್ಲವೆಂದು ತೋರಿಸಿಯೇ ಬಿಡುತ್ತೇನೆಂದು ಎಲ್ಲರಿಗಿಂತ ಮುಂದೆ ನಡೆದೆ.

ಗೋಡೆಗೆ ಮುಖಮಾಡಿ ನಿಲ್ಲಿಸಿದರು. ಎಂಜಿನ್ನು ಜೋರಾಗಿತ್ತು. ಮಾವ ಹಿಂದಿನಿಂದ ಕೂಗಿ ಕೂಗಿ ಕೇಳಿದರು. ಟಿಕೋಟಿಗೆ ಯಾವಾಗ ಬರುತ್ತಿ, ನಿಮ್ಮೆಮ್ಮೆ ಈಯ್ತೇನು, ರೇಣವ್ವನಿಗೆ ಯಾವ ಬಣ್ಣದ ಸೀರೆ ಬೇಕು. ಒಂದಕ್ಕೂ ತಡವರಿಸದೆ ಉತ್ತರ ಕೊಟ್ಟೆ. ಹಸಿರು ಇಳಕಲ್ ಸೀರೆ ಬೇಕೆಂದು ತಂಗಿಯ ಪರವಾಗಿ ಕೇಳಿಯೂ ಬಿಟ್ಟೆ. ಗೆದ್ದೆನೆಂದು ನಗುತ್ತ ತಿರುಗಿದೆ. ಅಷ್ಟರಲ್ಲಿ ಎಂಜಿನ್ನು ನಿಲ್ಲಿಸಿದರು. ಮಾವನ ಬಾಯಿ ಆಡುತ್ತಿತ್ತು, ಅತ್ತೆ ನನ್ನನ್ನು ನೋಡುವ ನೋಟ ಬದಲಾಗುತ್ತಿತ್ತು. ಏನಂದರೋ ಒಂದೂ ತಿಳಿಯಲಿಲ್ಲ.

ಇವರು ಆಮೇಲೆ ಹೇಳಿದರು. “ಕಿವಿ ನಮಕ್ಕಿಂತ ಚುರುಕ ಅದಾವು, ಕೂಸು ಅಳೂದನ್ನ ಕೇಳಕೋತ ಕುಂತಾಳ” ಎಂದರಂತೆ. ಇವರೂ ಸುಳ್ಳಾಡಲಾರದೆ “ನನ್ನ ಮಾತಂತೂ ಅಕಿಗೆ ಎಲ್ಲಾ ಕೇಳಸ್ತೈತಿ” ಎಂದರಂತೆ. ದೀಪಾವಳಿಯ ಹೊತ್ತಿಗೆ ಕೂಸಿಗೆ ಗಂಜಿ ರೂಢಿಯಾಗುತ್ತದೆ. ಆಗ ನನ್ನೊಬ್ಬಳನ್ನೇ ಬಬಲೇಶ್ವರಕ್ಕೆ ಕಳಿಸುವುದು, ಬುದ್ಧಿ ಬಂದ ಮೇಲೆ ಕರೆಸಿಕೊಳ್ಳುವುದು. ಕೂಸು ಇಲ್ಲೇ ಇರತಕ್ಕದ್ದು. ಅದು ಪಂಚಾಯತಿಯ ತೀರ್ಮಾನ.

೭ ಸೆಪ್ಟೆಂಬರ್, ಗುರುವಾರ

ಜೋಳ ಹಸನು ಮಾಡುತ್ತಿದ್ದೆ. ಬೆನ್ನ ಹಿಂದೆ ನೆಲ ನಡುಗಿದಂತಾಯಿತು. ತಿರುಗಿದರೆ ಇವರು ನಿಂತಿದ್ದರು. ಹಿತ್ತಾಳೆಯ ಹಂಡೆ ಅವರ ಕಾಲ ಬಳಿ ಉರುಳಿ ಬಿದ್ದಿತ್ತು.

“ಆಗಿನಿಂದ ಸಣ್ಣ ದನೀಲೆ ಕರಿಯಾಕತ್ತೇನಿ. ಹಂಡೇ ಒಗದೆ. ಅದಕ್ಕೂ ನೀ ಹೊಳ್ಳಲಿಲ್ಲ, ನೆಲಾ ನಡಗಿದ್ದಕ್ಕ ಹೊಳ್ಳಿದಿ,” ಅಂದರು. ಕಣ್ಣು ತುಂಬಿತ್ತು. ಗಂಡಸು ನನಗಾಗಿ ಅತ್ತದ್ದನ್ನು ಮೊದಲ ಸಲ ನೋಡಿದೆ. ನನಗೆ ಸಮಾಧಾನವಾಗಲಿಲ್ಲ, ಹೆದರಿಕೆಯಾಯಿತು.

೧೬ ಸೆಪ್ಟೆಂಬರ್, ಶನಿವಾರ

ಸೊಲ್ಲಾಪುರದ ಕಿವಿ ಡಾಕ್ಟರರು ತಿಂಗಳಿಗೊಮ್ಮೆ ಇಲ್ಲಿ ಬಂದು ಕೂಡುತ್ತಾರೆ. ಅತ್ತೆಗೆ ಹೇಳದೆ ಹೋದೆವು. ಹಣೆಗೆ ದುಂಡು ಕನ್ನಡಿ ಕಟ್ಟಿಕೊಂಡು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಕೀವಿಲ್ಲ, ಕೊಳೆಯಿಲ್ಲ, ಪರದೆ ಹರಿದಿಲ್ಲ ಅಂದರು. ಆಮೇಲೆ ಎರಡು ಕವಲಿನ ಉಕ್ಕಿನ ಕಡ್ಡಿಯನ್ನು ತಮ್ಮ ಮೊಣಕಾಲಿಗೆ ಬಡಿದು ನನ್ನ ಕಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ತಲೆಯ ತುಂಬ ನಾದ ತುಂಬಿ ಕುರ್ಚಿಯಲ್ಲಿಯೇ ಬೆಚ್ಚಿದೆ.

“ಗದ್ದಲದಾಗ ನಿಮಗ ಛಲೋ ಕೇಳಸ್ತದ, ಹೌದಲ್ರಿ?” ಎಂದು ಎದುರು ಕೂತು ಬಿಡಿಬಿಡಿಯಾಗಿ ಕೇಳಿದರು.

“ನಿಮಗ ಯಾರ ಹೇಳಿದ್ರಿ?”

“ಈ ಬ್ಯಾನಿ ಇದ್ದೋರೆಲ್ಲಾ ಅದನ್ನ ಹೇಳ್ತಾರ. ಗದ್ದಲದಾಗ ಮಂದಿ ಒದರಿ ಮಾತಾಡ್ತಾರ. ಆ ಗದ್ದಲ ಅವರಿಗೆ ತ್ರಾಸ ಕೊಡ್ತದ, ನಿಮಗ ಅಷ್ಟ ಮುಟ್ಟೂದಿಲ್ಲ. ಒದರಿದ ಮಾತಷ್ಟ ಮುಟ್ಟತದ.”

ಇವರು ಗೋಡೆಗೆ ಕೈಕೊಟ್ಟು ನಿಂತುಬಿಟ್ಟರು.

ಕಿವಿಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಎಲುಬುಗಳಿವೆಯಂತೆ, ಸದ್ದು ಬಂದಾಗ ಅವು ಅಲುಗಬೇಕಂತೆ. ನನ್ನದೊಂದು ತುಕ್ಕು ಹಿಡಿದ ಬಾಗಿಲ ಬಿಜಾಗರಿಯ ಹಾಗೆ ಬಿಗಿದುಕೊಂಡಿದೆ. ಹರೆಯದ ಹೆಂಗಸರಿಗೆ ಹೆಚ್ಚಾಗಿ ಬರುತ್ತದೆ, ಬಸಿರಾದಾಗ, ಹೆತ್ತ ಮೇಲೆ ಏರುತ್ತದೆ. ಆ ಗುಂಯ್ ಕೂಡ ಅದರದೇ. ಎಣ್ಣೆ ಬಿಡಬಾರದು, ಕಡ್ಡಿ ಹಾಕಬಾರದು. ಕುಡಿಯುವ ಔಷಧವಿಲ್ಲ. ದೂರದ ದೇಶಗಳಲ್ಲಿ ಶಸ್ತ್ರ ಮಾಡುವುದನ್ನು ಕಂಡುಹಿಡಿದಿದ್ದಾರಂತೆ, ಇಲ್ಲಿ ಸದ್ಯ ಆಗದು. ಲಡಾಯಿ ಮುಗಿದ ಮೇಲೆ ಮುಂಬಯಿಯಿಂದ ಕಿವಿಗಿಟ್ಟುಕೊಳ್ಳುವ ಬ್ಯಾಟರಿಯ ಯಂತ್ರ ತರಿಸಬಹುದು. ಅಲ್ಲಿಯತನಕ ಬೆಳಕಿನಲ್ಲಿ ಎದುರು ಕೂತು ತುಟಿ ನೋಡಿಕೊಂಡು ಮಾತಾಡಬೇಕು. ಇವರಿಗೂ ಒಂದು ಮಾತು ಹೇಳಿದರು, ಗಿರಣಿಯಲ್ಲಿ ಕಿವಿಗೆ ಅರಳೆ ಇಟ್ಟುಕೊಳ್ಳದಿದ್ದರೆ ನೀವೂ ಮುಂದೆ ಇದೇ ಕುರ್ಚಿಗೆ ಬರುತ್ತೀರಿ ಎಂದು.

ಕೊನೆಗೆ ಕೇಳಿದರು. “ತವರಮನ್ಯಾಗ ಯಾರಿಗರೆ ಹಿಂಗ ಐತೇನ್ರಿ? ಇದು ಮನೆತನದಾಗ ಇಳಿದು ಬರತದ.”

“ಇಲ್ರಿ,” ಅಂದೆ.

ಟಾಂಗಾ ಹತ್ತಿ ಅರ್ಧ ದಾರಿ ಬಂದ ಮೇಲೆ ಅವ್ವ ನೆನಪಾದಳು. ಒಲೆಯಿಂದ ಮುಖ ಎತ್ತದ ಅವ್ವ. ಕೊಡ ಹೊತ್ತು ನಡೆದುಬಿಡುವ ಅವ್ವ. ಇವರ ಕೈ ಹಿಡಿದುಕೊಂಡು ಹೇಳಿದೆ. ಇವರು, “ಸದ್ಯ ಯಾರ ಮುಂದೂ ಆಡಬ್ಯಾಡ. ಮನೆತನದ ಬ್ಯಾನಿ ಅಂದ್ರ ಯಲಗೂರಪ್ಪ ಮಾವ ರೇಣವ್ವನ್ನ ಒಲ್ಲೆ ಅಂತಾನ. ಮೊದಲ ನಿಮ್ಮವ್ವನ್ನ ಕೇಳು,” ಅಂದರು.

೨೦ ಸೆಪ್ಟೆಂಬರ್, ಬುಧವಾರ. ಬಬಲೇಶ್ವರ

ಒಬ್ಬಳೇ ಬಂದೆ, ಕೂಸನ್ನು ಕೊಡಲಿಲ್ಲ. ಇದ್ದಿಲ ಗ್ಯಾಸಿನ ಮೇಲೆ ಓಡುವ ಮೋಟಾರು ಬಸ್ಸು ಕೆಮ್ಮುತ್ತ, ನಿಲ್ಲುತ್ತ ಬಂತು. ಅದರ ಆರ್ಭಟದಲ್ಲಿ ಎಲ್ಲರ ಮನೆಯ ಸುದ್ದಿಯೂ ನನಗೆ ಕೇಳಿಸಿತು. ನಗು ಬಂತು, ಅಳು ಬಂತು.

ಅವ್ವ ಅಂಗಳದಲ್ಲಿ ಸೆಗಣಿಯ ಕುಳ್ಳು ಒಟ್ಟುತ್ತಿದ್ದಳು. ಹಿಂದೆ ನಿಂತು ಅವ್ವಾ ಅಂದೆ. ಮತ್ತೆ ಅಂದೆ. ಗಟ್ಟಿಯಾಗಿ ಅಂದೆ. ಅವಳ ಕೈ ನಿಲ್ಲಲಿಲ್ಲ. ಚಿಕ್ಕಂದಿನಲ್ಲಿ ಇಷ್ಟಕ್ಕೇ ಅಳುತ್ತ ಓಡಿಹೋಗುತ್ತಿದ್ದೆ. ಇವತ್ತು ಸುತ್ತು ಹಾಕಿ ಎದುರು ಹೋಗಿ ಕೂತೆ.

“ಅವ್ವಾ, ನನಗ ಕೇಳಸೂದಿಲ್ಲ.”

ನನ್ನ ತುಟಿಯನ್ನೇ ನೋಡಿದಳು. ಕೈಯಲ್ಲಿದ್ದ ಕುಳ್ಳು ಕೆಳಗಿಟ್ಟಳು. “ಎಂದಿನಿಂದ?”

“ಕೂಸು ಹುಟ್ಟಿದ ಮ್ಯಾಲಿಂದ. ನಿನಗ?”

ಅಂಗೈಗೆ ಹತ್ತಿದ ಕುಳ್ಳಿನ ಪುಡಿ ಉಜ್ಜಿಕೊಂಡಳು. “ನೀ ಹುಟ್ಟಿದಾಗ ಚೂರು. ರೇಣಿ ಹುಟ್ಟಿದ ಮ್ಯಾಲ ಪೂರಾ.”

“ಯಾರಿಗೂ ಯಾಕ ಹೇಳಲಿಲ್ಲ?”

“ಹೇಳಿದ್ರ ನಿನ್ನ ಯಾರ ಮಾಡಕೋತಿದ್ರು? ಸೆಡವಿನಾಕಿ ಮಗಳನ್ನ ಒಯ್ತಾರವ್ವಾ, ಕಿವುಡಿ ಮಗಳನ್ನ ಒಯ್ಯಾಂಗಿಲ್ಲ. ಅದಕ್ಕ ಸೆಡವಿನಾಕಿ ಆಗೇ ಇದ್ದೆ.”

ನಮ್ಮನ್ನು ಹೇಗೆ ಸಾಕಿದೆ ಎಂದು ಕೇಳಿದೆ. ತೊಟ್ಟಿಲ ಹಗ್ಗದ ಒಂದು ತುದಿ ಯಾವಾಗಲೂ ಮಣಿಕಟ್ಟಿಗೆ ಇರುತ್ತಿತ್ತಂತೆ. ಕೂಸು ಕಾಲಾಡಿಸಿದರೆ ಕೈ ಜಗ್ಗುತ್ತಿತ್ತು. ಹಗ್ಗ ಕಟ್ಟಿಕೊಂಡು ಕೂಡುವ ಮೈಗಳ್ಳಿ ಎಂದು ಓಣಿಯವರು ಆಡಿಕೊಂಡದ್ದು ನನಗೂ ನೆನಪಿದೆ.

ಆಮೇಲೆ ನನ್ನ ಎರಡೂ ಕೈ ಹಿಡಿದಳು. “ರೇಣಿ ಲಗ್ನಾ ಆಗೂತನಾ ಬಾಯಿ ಬಿಡಬ್ಯಾಡ. ನಿನ್ನ ಸೆಡವಿನಾಕಿ ಅಂದ್ರ ಅನಸ್ಕೋ. ನಾ ಅನಸ್ಕೊಂಡಿಲ್ಲೇನು?”

“ಕೂಸು, ಅವ್ವಾ?”

“ಕೂಸು ಎಲ್ಲಿ ಹೋಗತೈತಿ? ದೊಡ್ಡದಾಗಿ ತಾನ ಬರತೈತಿ.”

ನಾನು ದೊಡ್ಡವಳಾಗಿ ಅವಳ ಹತ್ತಿರ ಬಂದಿದ್ದೆನೇ? ತಿರುಗಿ ನೋಡಿದರೆ ರೇಣಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವ್ವನ ಮುಂದೆ ಬಂದು ಕೂತು, “ನಾ ಕರದಾಗೆಲ್ಲಾ ಸುಮ್ನ ಇರ್ತಿದ್ದಿ. ನಾ ಬ್ಯಾಡಾಗೇನಿ ಅಂತ ಎಷ್ಟ ಅತ್ತೇನಿ ಗೊತ್ತೇನು?” ಅಂದಳು. ಹೇಳು ಎಂದೂ ಅನ್ನಲಿಲ್ಲ, ಹೇಳಬೇಡ ಎಂದೂ ಅನ್ನಲಿಲ್ಲ. ಎದ್ದು ಒಳಗೆ ಹೋದಳು.

೨೫ ಸೆಪ್ಟೆಂಬರ್, ಸೋಮವಾರ. ವಿಜಾಪುರ

ಬಾಯಿ ಮುಚ್ಚಿಕೊಂಡಿದ್ದೇನೆ. ಸೆಡವಿನವಳಾಗುವುದು ಸುಲಭ, ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಉಳಿದದ್ದನ್ನು ಮಂದಿಯೇ ಮಾಡುತ್ತಾರೆ.

ಮನೆಯ ತುಂಬ ದಸರೆಯ ಘಟ್ಟದ ಹಬ್ಬದ ಓಡಾಟ. ನಾನೂ ಓಡಾಡುತ್ತಿದ್ದೇನೆ, ಕೆಲಸಕ್ಕಲ್ಲ. ಅತ್ತೆ ಕೂಸಿಗೆ ಆಡಿನ ಹಾಲು ಕುಡಿಸಲು ಶುರುಮಾಡಿದ್ದಾರೆ. ಕೂಸು ಚಮಚವನ್ನು ಚೀಪುತ್ತದೆ. ನನ್ನ ಕುಪ್ಪಸ ತೊಯ್ಯುತ್ತದೆ. ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಯುತ್ತಿದ್ದೇನೆ. ಅತ್ತೆ ಮಾತಾಡುವಾಗ ಕೆಳತುಟಿ ಬಲಕ್ಕೆ ಎಳೆಯುತ್ತದೆ, ಮೊದಲು ಎಂದೂ ಕಂಡಿರಲಿಲ್ಲ. ಇಮಾಮಬಿ ಪಕಾರಕ್ಕೆ ಮೊದಲು ಹಲ್ಲು ತೋರಿಸುತ್ತಾಳೆ.

ಕೂಸು ಹೆಣ್ಣು. ಅವಳಿಗೂ ಒಂದು ದಿನ ಹೀಗಾದರೆ ಅವಳೂ ನನ್ನ ಹಾಗೆ ಸುಮ್ಮನಿರಬೇಕೇ? ರೇಣಿಯ ಮಗಳು? ಎಲ್ಲಿಯತನಕ?

೨೮ ಸೆಪ್ಟೆಂಬರ್, ಗುರುವಾರ

ನಿನ್ನೆ ಬನ್ನಿ ಹಬ್ಬ. ಇವತ್ತು ಯಲಗೂರಪ್ಪ ಮಾವ ಬನ್ನಿ ಕೊಡಲು ಬಂದರು. ಮುಹೂರ್ತದ ಮಾತೂ ಇತ್ತು. ಪಡಸಾಲೆಯಲ್ಲಿ ಎಲ್ಲರೂ ಬನ್ನಿ ಕೊಟ್ಟು ಕಾಲು ಮುಟ್ಟಿದ್ದಾಯಿತು. ನಾನು ಬಾಗಿದಾಗ ಮಾವ ಎದುರಿಗೆ ಕೂತಿದ್ದರು, ಬೆಳಕು ಮುಖದ ಮೇಲಿತ್ತು, ಪ್ರತಿಯೊಂದು ಮಾತೂ ಕಂಡಿತು.

“ಬನ್ನಿ ತಗೊಂಡ ಬಂಗಾರದಂಗ ಇರವಾ. ಸೆಡವ ಬಿಟ್ಟಿ ಇಲ್ಲೋ?”

ಹೂಂ ಅನ್ನಬೇಕಿತ್ತು. ಅಷ್ಟರಲ್ಲಿ ಅತ್ತೆಯ ತೊಡೆಯ ಮೇಲೆ ಕೂಸು ಬಾಯಿ ಅಗಲಿಸಿ ಅಳುತ್ತಿರುವುದು ಕಣ್ಣಿಗೆ ಬಿತ್ತು. ಕಣ್ಣಿಗಷ್ಟೇ ಬಿತ್ತು.

“ನಂದು ಸೆಡವಲ್ರಿ ಮಾವಾರ. ನನಗ ಕೇಳಸೂದಿಲ್ಲ. ನಮ್ಮವ್ವಗೂ ಕೇಳಸೂದಿಲ್ಲ, ರೇಣಿ ಹುಟ್ಟಿದಾಗಿಂದ. ಇದು ನಮ್ಮ ಮನೆತನದ ಬ್ಯಾನಿ, ಡಾಕ್ಟರ್ ಹೇಳ್ಯಾರ. ರೇಣಿಗಿ ಬರಬಹುದು, ಬರದನೂ ಇರಬಹುದು. ಅಕಿನ್ನ ಮಾಡಕೊಳ್ಳೂದಾದ್ರ ತಿಳಕೊಂಡ ಮಾಡಕೋರಿ.”

ಗಿರಣಿಯಲ್ಲಿ ಕೇಳಿಸಿದ್ದು ಹೇಗೆಂಬುದನ್ನು ಇವರು ನಿಂತುಕೊಂಡು ಹೇಳಿದರು. ಅವರ ಗಂಟಲಿಗೆ ಅದು ಓಣಿಗೆಲ್ಲ ತಲುಪಿರಬೇಕು. ಮಾವ ಮುಂದಿಟ್ಟ ಚಹಾ ಮುಟ್ಟಲಿಲ್ಲ. ರುಮಾಲು ಹಾಕಿಕೊಂಡು ಹೊರಟುಹೋದರು.

ಅತ್ತೆ ಕೂತಲ್ಲಿಂದ ಏಳಲಿಲ್ಲ. ಸೆರಗನ್ನು ಬಾಯಿಂದ ಸರಿಸಿ ಕೇಳಿದರು. “ಅವತ್ತ ಇರವಿ ಹತ್ತಿದಾಗ, ಖರೇನ ಕೇಳಿಸಿದ್ದಿಲ್ಲೇನು?”

“ಇಲ್ರಿ ಅತ್ತಿ.”

“ಮತ್ತ ನಾ ಅಷ್ಟೆಲ್ಲಾ ಅಂದೆನಲ್ಲ.” ಕೂಸನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ತೊಟ್ಟಿಲು ಬಿಚ್ಚತೊಡಗಿದರು. ಈಗ ನನ್ನ ಮಗ್ಗುಲಲ್ಲಿದೆ. ಬರೆಯುತ್ತಿರುವ ಕೈಗೆ ಹಗ್ಗ ಕಟ್ಟಿಕೊಂಡಿದ್ದೇನೆ, ಅಕ್ಷರ ಸೊಟ್ಟಗಾಗುತ್ತಿವೆ.

೮ ಅಕ್ಟೋಬರ್, ರವಿವಾರ. ಬಬಲೇಶ್ವರ

ಕೂಸನ್ನು ಕರೆದುಕೊಂಡು ಬಂದೆ. ಟಿಕೋಟಿಯ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅವರಿಗೆ ರೇಣಿ ಬೇಡ. ರೇಣಿಯ ಕಣ್ಣು ಬಾತಿತ್ತು. “ಇನ್ನ ನನ್ನ ನೋಡಾಕ ಬರೋರು ಗೊತ್ತಿದ್ದ ಬರ್ತಾರ ಬಿಡಕ್ಕಾ,” ಎಂದಳು. ಎದುರು ನಿಂತು, ನನಗೆ ತಿಳಿಯುವ ಹಾಗೆ, ನಿಧಾನವಾಗಿ ಅಂದಳು. ಆಮೇಲೆ ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಅವಳ ಮುಂದೆ ನಾನು ತಲೆಯೆತ್ತಲು ಎಷ್ಟು ದಿನ ಬೇಕೋ ಗೊತ್ತಿಲ್ಲ.

ಎದುರುಮನೆಯ ಮಾಬುಬಿ ಬಂದಳು. ಎಂದೋ ಕೂಗಿ ಕರೆದಾಗ ಅವ್ವ ತಿರುಗಲಿಲ್ಲವೆಂದು ವರ್ಷಗಟ್ಟಲೆ ಮಾತು ಬಿಟ್ಟಿದ್ದವಳು. ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, ದವಡೆ ಕಳಚುವಷ್ಟು ಬಾಯಿ ತೆರೆದು ಕೂಗಿದಳು. “ಒದರಬ್ಯಾಡ ಮಾರಾಯಳ, ತುಟಿ ಕಾಣಾಕತ್ತಾವು,” ಎಂದಳು ಅವ್ವ. ಇಬ್ಬರೂ ಬಹಳ ಹೊತ್ತು ಮಾತಾಡಿದರು.

ನನ್ನ ಜೊತೆ ಮಾತ್ರ ಒಂದು ಮಾತಿಲ್ಲ. ಮಾಬುಬಿ ಹೋದ ಮೇಲೆ ಎದುರು ಕೂತೆ, ಅವ್ವ ಮುಖ ತಿರುಗಿಸಿದಳು. ಆ ಕಡೆ ಹೋಗಿ ಕೂತೆ, ಈ ಕಡೆ ತಿರುಗಿದಳು. ಮತ್ತೆ ಎದುರು ಬಂದಾಗ ಕಣ್ಣು ಮುಚ್ಚಿಕೊಂಡಳು. ತುಟಿ ನೋಡಿ ಕೇಳುವವಳು ಕಣ್ಣು ಮುಚ್ಚಿಕೊಂಡರೆ ಏನು ಹೇಳುವುದು? ಇಷ್ಟು ವರ್ಷ ಮಂದಿ ಸುಳ್ಳೇ ಸೆಡವಿನಾಕಿ ಅಂದರು. ಇವತ್ತಿನದು ಖರೇ ಸೆಡವು, ನನ್ನೊಬ್ಬಳ ಮೇಲೆ.

ಕೂಸನ್ನು ಅವಳ ತೊಡೆಯ ಮೇಲೆ ಇಟ್ಟು ಹಿಂದೆ ಸರಿದು ನಿಂತೆ. ಕಣ್ಣು ತೆರೆಯದೆಯೇ ಎತ್ತಿ ಹೆಗಲಿಗೆ ಹಾಕಿಕೊಂಡಳು, ಅದರ ಬೆನ್ನಿನ ಮೇಲೆ ಅಂಗೈ ಇಟ್ಟಳು. ಕೂಸಿನ ಮುಖ ಅವಳ ಕುತ್ತಿಗೆಯಲ್ಲಿ ಹುದುಗಿತ್ತು. ಅಳುತ್ತಿದೆಯೋ ಸುಮ್ಮನಿದೆಯೋ ನನಗೆ ತಿಳಿಯಲಿಲ್ಲ. ಅವ್ವನ ಅಂಗೈ ಒಂದು ಗಳಿಗೆ ಬೆನ್ನಿನ ಅಲುಗಾಟಕ್ಕೆ ಕಿವಿಗೊಟ್ಟಂತೆ ಹಾಗೇ ಇತ್ತು. ಆಮೇಲೆ ಮೆಲ್ಲಗೆ ತಟ್ಟತೊಡಗಿದಳು.